ಕುಂತು ನೋಡ್ರಿ

ಜೂನ್ ಬಂತೆಂದರೆ ನಮ್ಮ ದೊಡ್ಡಕ್ಕೋರ ಸೀರೆಗೆ ಹಿಂದೆಲ್ಲ ನೆಲದ ಧೂಳು ಮೆತ್ತಿರುತ್ತಿತ್ತು. ಕಮಲಾಪುರದ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ಶಿಕ್ಷಕಿಯರನ್ನು ಅಕ್ಕೋರು ಎನ್ನುವ ಸೀಮೆಯಲ್ಲಿ ಊರಿಗೆಲ್ಲ ದೊಡ್ಡಕ್ಕೋರು. ಶಾಲೆ ಶುರುವಾಗುವ ಮುನ್ನ ಪ್ರತಿ ಖೋಲಿಯಲ್ಲೂ ಮಕ್ಕಳು ಕೂರುವ ನೆಲದ ಮೇಲೆ ತಾವೇ ಕೂತು ನೋಡುತ್ತಿದ್ದರು. ಕಲಬುರಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೊಸ ಶಿಕ್ಷಕಿ ನಾನು, ಇಸ್ತ್ರಿ ಕೆಡುತ್ತದೆಂದು ನಿಂತೇ ಇದ್ದರೆ, “ನಿಂತ್ರ ಖೋಲಿ ಬ್ಯಾರೆನೇ ಕಾಣತದವ್ವಾ, ಕುಂತು ನೋಡು” ಎನ್ನುತ್ತಿದ್ದರು.

ಒಂದು ವರ್ಷ ಶಾಲಾ ಸಮಿತಿಯ ಅಧ್ಯಕ್ಷರು ಪ್ರಾರಂಭೋತ್ಸವದ ಹಿಂದಿನ ದಿನ ಒಂದನೇ ತರಗತಿಯ ಖೋಲಿಗೆ ಸುಣ್ಣ ಹೊಡೆಸಿದರು. ಹಸಿ ಇದ್ದದ್ದರಿಂದ ಅಕ್ಕೋರು ಅಲ್ಲಿ ಕೂತದ್ದು ಮರುದಿನ ಬೆಳಿಗ್ಗೆಯೇ. ತಲೆಯ ಮೇಲೆ ಚಿಟಿಕೆ ಮರಳು ಉದುರಿತು. ಛಾವಣಿಯ ಹೊಸ ಸುಣ್ಣದ ಕೆಳಗೆ ಹಳೆಯ ಬಿರುಕು. ಎದ್ದವರೇ ಹೊರಬಂದು ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿದರು.

ಗೇಟಿನ ಬಾಳೆಕಂಬದ ಹತ್ತಿರ ಅತಿಥಿಗಳು ಬಂದಾಗಿತ್ತು. ಅಧ್ಯಕ್ಷರ ಮುಖ ಕೆಂಪೇರಿತು.

“ಪೂಜಿ ಮಾಡಿದ ಖೋಲಿರೀ ಅದು. ಮೊದಲ್ನೇ ದಿನಾನೇ ಕೀಲಿ ಹಾಕಿದ್ರ ಮಂದಿ ಏನಂತಾರ?”

“ಏನರೆ ಅನಲಿ. ನೀವು ಒಳಗ ಕುಂತು ನೋಡ್ರಿ, ಆಮ್ಯಾಲ ಮಕ್ಕಳನ್ನ ಕುಂದರಸ್ತೀನಿ.”

“ವರ್ಗಾ ಮಾಡಸ್ತೀನಿ ನಿಮ್ಮನ್ನ.”

“ಮಾಡಸ್ರಿ. ಕೀಲಿಕೈ ಮಾತ್ರ ಕೊಡಂಗಿಲ್ಲ.”

ಅಕ್ಕೋರು ತಮ್ಮ ಆಫೀಸನ್ನೇ ಒಂದನೇ ತರಗತಿಗೆ ಬಿಟ್ಟು, ವರಾಂಡದಲ್ಲಿ ಕುರ್ಚಿ ಹಾಕಿಕೊಂಡರು.

ಛಾವಣಿ ಬೀಳಲಿಲ್ಲ. ವರ್ಗಾವಣೆಯ ಸುದ್ದಿ ದಿನಕ್ಕೊಂದು ಬಣ್ಣದಲ್ಲಿ ಬರುತ್ತಿತ್ತು. “ಅಕ್ಕೋರ ತಲಿ ಮ್ಯಾಲ ಆಕಾಶ ಬೀಳತದಂತ” ಎಂದು ಬಜಾರಿನಲ್ಲಿ ನಗುತ್ತಿದ್ದರು. ಹಾಳು ಛಾವಣಿ ಒಮ್ಮೆ ಬೀಳಬಾರದೇ ಎಂದು ನನಗೇ ಅನ್ನಿಸಿಬಿಡುತ್ತಿತ್ತು. ಕೊನೆಗೆ ಅಕ್ಕೋರ ಮಾತು ಸುಳ್ಳೆಂದು ತೋರಿಸಲು ಅಧ್ಯಕ್ಷರೇ ಗೌಂಡಿಯನ್ನು ಕರೆತಂದರು. ಅವನು ಏಣಿ ಹತ್ತಿ ಸುತ್ತಿಗೆಯಿಂದ ಒಮ್ಮೆ ತಟ್ಟಿದ್ದೇ ತಡ, ಮುಂದಿನ ಸಾಲಿನ ಮಕ್ಕಳು ಕೂರುವ ಜಾಗಕ್ಕೆ ದೊಡ್ಡ ತುಂಡೊಂದು ಬಂದು ಬಿತ್ತು. ಅಧ್ಯಕ್ಷರ ಮೊಮ್ಮಗಳೂ ಆ ವರ್ಷ ಒಂದನೇ ತರಗತಿ. ಅವರು ನೇರ ಮನೆಗೆ ಹೋದರು.

ಮುಂದಿನ ಜೂನ್‌ನಲ್ಲಿ, ಬಿಳಿ ಧೋತರ ಉಟ್ಟು ಎಲ್ಲರಿಗಿಂತ ಮೊದಲು ಬಂದವರು ಅವರೇ. “ಅಕ್ಕೋರ, ನಾನೂ ಕುಂದರ್ತೀನ್ರೀ” ಎಂದು ನೆಲಕ್ಕೆ ಕೂತರು.

ಕಳೆದ ಬೇಸಿಗೆಯಲ್ಲಿ ಅಕ್ಕೋರು ಕಲಬುರಗಿಯ ಬ್ರಹ್ಮಪುರದ ಮಗಳ ಮನೆಯಲ್ಲಿ ತೀರಿಕೊಂಡರು. ನಾನೀಗ ಸೇಡಂ ರಸ್ತೆಯ ಶಾಲೆಯೊಂದರ ಪ್ರಾಂಶುಪಾಲೆ. ಈ ಜೂನ್‌ನಲ್ಲಿ ಒಂದನೇ ತರಗತಿಯ ಪುಟ್ಟ ಬೆಂಚಿನಲ್ಲಿ ಮೈ ತುರುಕಿಕೊಂಡು ಕೂತಿದ್ದೆ. ಜವಾನ ಬಾಗಿಲಲ್ಲಿ ನಿಂತು, “ಏನರೆ ಕಳಕೊಂಡೀರೇನ್ರೀ ಮೇಡಂ?” ಎಂದ.

“ಹೂಂನಪಾ, ಕಳಕೊಂಡೀನಿ” ಎಂದೆ.

ತಲೆ ಎತ್ತಿದೆ. ಕಣ್ಣು ತುಂಬಿ ಛಾವಣಿ ಕಾಣಲಿಲ್ಲ. ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.