ಆಯುಧಪೂಜೆ ಇಲ್ಲದ ವರ್ಷ

ಪುಟ್ಟಿ, ಚಿನ್ನು, ಇದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ತಾತ ನಿವೃತ್ತರಾದ ಮೇಲೆ ನಡುಮನೆಯ ಕಂಪ್ಯೂಟರಿನ ಮುಂದೆ ಕೂತು ಎರಡೇ ಬೆರಳಿನಲ್ಲಿ ತಮ್ಮ ಬಾಲ್ಯದ ಕಥೆ ಟೈಪ್ ಮಾಡುತ್ತಿದ್ದರು. ನಿಮಗೆಂದೇ ಬರೆಯುತ್ತಿದ್ದರು. ಮುಗಿದ ಮೇಲೆ ಓದುವೆಯಂತೆ ಎಂದು ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಆ ಕಂಪ್ಯೂಟರನ್ನು ಬಹಳ ಜೋಪಾನ ಮಾಡುತ್ತಿದ್ದರು. ಪ್ರತಿ ಆಯುಧಪೂಜೆಗೆ ಸ್ಕೂಟರ್ ತೊಳೆದಾದ ಮೇಲೆ ಅಂಗಡಿಯಿಂದ ಆ್ಯಂಟಿವೈರಸ್ಸಿನ ಹೊಸ ಡಬ್ಬಿ ತಂದು, ಪೂಜೆಗಿಟ್ಟು, ಆಮೇಲೆ ಹಾಕುತ್ತಿದ್ದರು. ಅದು ಒಂದು ವರ್ಷ ಬರುತ್ತಿತ್ತು. ನಾನು ಕಂಪ್ಯೂಟರಿಗೆ ಕುಂಕುಮ ಇಡುವಾಗ, "ಕುಂಕುಮ ನಿಂದು, ಕಾವಲು ನಂದು ಕಣೇ" ಎಂದು ನಗುತ್ತಿದ್ದರು.

ಅವರು ಆಷಾಢದಲ್ಲಿ ಹೋದರು. ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಆ ಸಲ ಆಯುಧಪೂಜೆಯ ದಿನ ಸ್ಕೂಟರ್ ಧೂಳಿನಲ್ಲೇ ನಿಂತಿತ್ತು. ಮರುದಿನದಿಂದ ಕಂಪ್ಯೂಟರ್ ಹಾಕಿದಾಗಲೆಲ್ಲ ಮೂಲೆಯಲ್ಲಿ ಕೆಂಪು ಚೌಕವೊಂದು ಬರತೊಡಗಿತು. ಅವಧಿ ಮುಗಿದಿದೆ, ಹೊಸದು ತರೋಣವೇ ಎಂದು ನಿಮ್ಮ ಅಮ್ಮ ಎರಡು ಸಲ ಕೇಳಿದಳು. ಪೂಜೆಯಿಲ್ಲದೆ ಅದನ್ನು ಹಾಕುವುದು ನನಗೆ ಸರಿಕಾಣಲಿಲ್ಲ. ವರ್ಷ ಕಳೆಯಲಿ, ಹಬ್ಬ ಬರಲಿ ಎಂದೆ. ನನ್ನ ಮನಸ್ಸು ನೋಯಿಸಬಾರದೆಂದು ಅವಳು ಸುಮ್ಮನಾದಳು.

ವರ್ಷದ ತಿಥಿಗೆ ತಾತನ ಫೋಟೊ ದೊಡ್ಡದು ಮಾಡಿಸಬೇಕಿತ್ತು. ಫೋಟೊ ಇದ್ದದ್ದು ಅವರ ಪೆನ್‌ಡ್ರೈವಿನಲ್ಲಿ. ಅವರು ಬರೆದದ್ದರ ಇನ್ನೊಂದು ಪ್ರತಿಯೂ ಅದರಲ್ಲೇ ಇತ್ತು. ನಾನೇ ಸ್ಟುಡಿಯೋಗೆ ಒಯ್ದೆ. ಅಲ್ಲಿನವರು ದೊಡ್ಡದು ಮಾಡಿದ ಫೋಟೊವನ್ನೂ ಅದಕ್ಕೇ ಹಾಕಿಕೊಟ್ಟರು. ಮನೆಗೆ ಬಂದು, ತಾತ ಮಾಡುತ್ತಿದ್ದುದನ್ನು ನೋಡಿದ ನೆನಪಿನಲ್ಲಿ, ಅದನ್ನು ಕಂಪ್ಯೂಟರಿಗೆ ಚುಚ್ಚಿದೆ. ಅವರ ಮುಖ ನೋಡಬೇಕೆನಿಸಿತ್ತು, ಅಷ್ಟೇ. ಸಂಜೆಯ ಹೊತ್ತಿಗೆ ಒಂದು ಫೈಲೂ ತೆರೆಯಲಿಲ್ಲ.

ನಿಮ್ಮ ಅಮ್ಮ ಉದಯಗಿರಿಯಿಂದ ರಿಪೇರಿಯವರೊಬ್ಬರನ್ನು ಕರೆಸಿದಳು. ನಡುವಯಸ್ಸಿನವರು. ಒಂದು ಗಂಟೆ ನೋಡಿ ಕನ್ನಡಕ ತೆಗೆದರು.

"ವೈರಸ್ಸು ಎಲ್ಲಕ್ಕೂ ಬೀಗ ಹಾಕ್ಬುಟ್ಟಿದೆ ಕಣಮ್ಮ, ಪೆನ್‌ಡ್ರೈವಲ್ಲಿರೋದಕ್ಕೂ. ಆ ಬೀಗ ತೆಗ್ಯೋಕಾಗಲ್ಲ. ಇನ್ನೆಲ್ಲಾದ್ರೂ ಒಂದು ಕಾಪಿ ಇಟ್ಟಿದ್ರಾ?"

ಇಲ್ಲ ಎಂದೆ.

"ಆ್ಯಂಟಿವೈರಸ್ ಮುಗ್ದು ಒಂಬತ್ತು ತಿಂಗಳಾಗಿದೆ. ದಿನಾ ಹೇಳ್ತಿತ್ತಲ್ವಾ?"

"ಹೇಳ್ತಿತ್ತು. ಈ ವರ್ಷ ನಮಗೆ ಹಬ್ಬ ಇರ್ಲಿಲ್ಲ."

ಅವರು ನಗಲಿಲ್ಲ. ನೀರು ಕೇಳಿ ಕುಡಿದು, ಹೊರಟರು. ನಿಮ್ಮ ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ.

ಒಂದೇ ಒಂದು ಪುಟವನ್ನು ತಾತ ನನಗೆ ಓದಿ ಹೇಳಿದ್ದರು. ಇಲವಾಲದಿಂದ ಪರೀಕ್ಷೆಗೆಂದು ಮೈಸೂರಿಗೆ ನಡೆದುಬಂದ ದಿನ ಅಪ್ಪನ ಚಪ್ಪಲಿ ಮೆಟ್ಟಿದ್ದರಂತೆ. ದೊಡ್ಡದಾಯಿತೆಂದು ಹಗ್ಗದಿಂದ ಕಾಲಿಗೆ ಬಿಗಿದುಕೊಂಡಿದ್ದರಂತೆ. ಬರೆಯುವಾಗ ಯಾರೂ ನೋಡದಿರಲೆಂದು ಕಾಲನ್ನು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡಿದ್ದರಂತೆ. ಮುಂದಿನದನ್ನು ನಾನು ಕೇಳಲಿಲ್ಲ. ಒಲೆಯ ಮೇಲೆ ಸಾರಿತ್ತು, ಎದ್ದು ಹೋದೆ.

ಆ ಪುಟವನ್ನೂ ಅವರ ಬಾಯಲ್ಲಿ ಆಗೀಗ ಕೇಳಿದ್ದನ್ನೂ ಮುಂದಿನ ಹಾಳೆಗಳಲ್ಲಿ ಬರೆದಿದ್ದೇನೆ. ಅವರು ಬರೆದಿದ್ದರ ಕಾಲುಭಾಗವೂ ಇದಾಗದು, ನನಗೆ ಗೊತ್ತು. ಎಲ್ಲವನ್ನೂ ಎರಡೆರಡು ಸಲ ಬರೆದಿದ್ದೇನೆ, ಒಬ್ಬೊಬ್ಬರಿಗೆ ಒಂದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಡಬೇಡಿ. ನಾಳೆ ಬೇರೆ ಬೇರೆ ಮನೆ ಮಾಡಿಕೊಂಡು ಹೋಗುವಾಗ ನಿಮ್ಮ ನಿಮ್ಮದನ್ನು ಜೊತೆಗೆ ಒಯ್ದು ಜೋಪಾನವಾಗಿ ಇಟ್ಟುಕೊಳ್ಳಿ.