ಖಾಲಿ ಅನ್ನಬಾರದು

ಬಜೆಟ್ ಮಂಡಿಸುವ ದಿನ ಟಿವಿಯಲ್ಲಿ ಅಂಕಿಗಳು ಓಡುತ್ತವೆ. ಅವುಗಳ ಮೇಲೆ ನಾಲ್ಕು ಜನ ಕೂತು ಒಬ್ಬರ ಮಾತಿನೊಳಗೆ ಒಬ್ಬರು ಮಾತಾಡುತ್ತಾರೆ. ನಾನು ವಾಲ್ಯೂಮ್ ತಗ್ಗಿಸಿ ನೋಡುತ್ತೇನೆ. ಬೆಂಗಳೂರಿನ ಬಜೆಟ್ಟಾಗಲಿ, ಡೆಲ್ಲಿಯ ಬಜೆಟ್ಟಾಗಲಿ, ನನ್ನ ಕಣ್ಣು ಹುಡುಕುವುದು ಒಂದೇ ಸಾಲನ್ನು: ಹಳೆಯ ಸಾಲದ ಬಡ್ಡಿಗೆ ಎಷ್ಟು, ಅದಕ್ಕಾಗಿ ತರುವ ಹೊಸ ಸಾಲ ಎಷ್ಟು. ಪ್ರತಿ ವರ್ಷ ಅದು ಹಿಂದಿನದಕ್ಕಿಂತ ಉದ್ದವಾಗಿರುತ್ತದೆ. ನೋಡಿ, ಕನ್ನಡಕ ತೆಗೆದು, ಟಿವಿ ಆಫ್ ಮಾಡುತ್ತೇನೆ. ಈ ವಯಸ್ಸಿನಲ್ಲಿ ನಾನಾದರೂ ಏನು ಮಾಡಲಿ?

ಈ ಚಾಳಿ ಹಿಡಿಸಿದ್ದು ನಮ್ಮ ಯಜಮಾನರು. ಅವರು ಒಂದೇ ಒಂದು ಅವಧಿಗೆ ಶಾಸಕರಾಗಿದ್ದರು. ಆಗ ನಾವು ಮಾಗಡಿಯಲ್ಲಿದ್ದೆವು. ಸರ್ಕಾರದಿಂದ ಬರುತ್ತಿದ್ದ ದಪ್ಪ ಬಜೆಟ್ ಪುಸ್ತಕಗಳನ್ನು ಬೇರೆ ಶಾಸಕರ ಮನೆಗಳಲ್ಲಿ ಕಟ್ಟು ಬಿಚ್ಚುತ್ತಲೂ ಇರಲಿಲ್ಲವಂತೆ. ಇವರು ಬಿಚ್ಚಿದರು. ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದವರು, ಇಂಗ್ಲಿಷ್ ಬಾರದವರೇನಲ್ಲ. ಆದರೆ ಆ ಸರ್ಕಾರಿ ಇಂಗ್ಲಿಷ್ ಅವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. "ನೀನು ಕಾನ್ವೆಂಟಿನವಳು, ಓದು" ಎಂದು ನನ್ನ ಮುಂದೆ ತಳ್ಳುತ್ತಿದ್ದರು. ಸಂಜೆ ಊಟದ ಮೇಜಿನ ಮೇಲೆ ನಾನು ಓದಿ ಹೇಳುವುದು, ಅವರು ಕೆನ್ನೆಗೆ ಕೈ ಕೊಟ್ಟುಕೊಂಡು ಕೇಳುವುದು. ಬೇರೆ ಗಂಡ ಹೆಂಡತಿ ಸಿನಿಮಾಕ್ಕೆ ಹೋಗುತ್ತಿದ್ದ ಕಾಲ ಅದು. ನಮ್ಮ ರೊಮ್ಯಾನ್ಸ್ ಎಲ್ಲ ರೆವೆನ್ಯೂ ಡೆಫಿಸಿಟ್ ಮೇಲೆ.

ನನಗೆ ಲೆಕ್ಕ ಕಲಿಸಿದ್ದು ಬೆಂಗಳೂರಿನ ಕಾನ್ವೆಂಟಿನ ಒಬ್ಬ ಐರಿಷ್ ಸಿಸ್ಟರ್. ಹೋಮ್ ಸೈನ್ಸ್ ತರಗತಿಯಲ್ಲಿ ಪ್ರತಿಯೊಬ್ಬ ಹುಡುಗಿಗೂ ಒಂದು ಕಾಲ್ಪನಿಕ ಸಂಸಾರ ಕೊಡುತ್ತಿದ್ದರು: ಇಷ್ಟು ಸಂಬಳ, ಇಷ್ಟು ಮಕ್ಕಳು, ಒಬ್ಬ ಕಾಯಿಲೆಯ ಅತ್ತೆ. ತಿಂಗಳ ಲೆಕ್ಕ ಬ್ಯಾಲೆನ್ಸ್ ಆಗದಿದ್ದರೆ ಊಟದ ಬೆಲ್ ಹೊಡೆದರೂ ಬಿಡುತ್ತಿರಲಿಲ್ಲ. ಅಕ್ಕಿ ಮುಗಿದರೆ ಮುಗಿದಿದೆ ಎಂದು ಬರೆಯಬೇಕು, ನಾಚಿಕೆ ಪಡಬಾರದು, ಎನ್ನುತ್ತಿದ್ದರು.

ಅಂಥವಳು ನಾನು ಮದುವೆಯಾಗಿ ಬಂದು ಸೇರಿದ್ದು ಯಾವುದನ್ನೂ ಮುಗಿದಿದೆ ಅನ್ನಬಾರದ ಮನೆಗೆ. ನಮ್ಮ ಅತ್ತೆಯ ಬಾಯಲ್ಲಿ ಎಣ್ಣೆ ಮುಗಿಯುತ್ತಿರಲಿಲ್ಲ, ಉಪ್ಪು ಖಾಲಿಯಾಗುತ್ತಿರಲಿಲ್ಲ. ಎಲ್ಲ 'ತುಂಬುತ್ತಿತ್ತು'. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುವುದು. ಬಳೆ ಒಡೆಯುವುದಿಲ್ಲ, ಹೆಚ್ಚುವುದು. ಬಂದ ಹೊಸದರಲ್ಲಿ ಅವರು "ರಾಗಿಹಿಟ್ಟು ತುಂಬೈತೆ ಕಣಮ್ಮಿ" ಎಂದು ಹೇಳಿ ಹೊಲದ ಕಡೆ ಹೋದರು. ತುಂಬಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನಾನು ನೆಮ್ಮದಿಯಾಗಿ ಮ್ಯಾಗಜಿನ್ ಓದುತ್ತಾ ಕೂತೆ. ಮಧ್ಯಾಹ್ನ ಸೋಲೂರಿನಿಂದ ನೆಂಟರು ಇಳಿದರು. ಡಬ್ಬ ತೆಗೆದು ನೋಡಿದರೆ ತಳ ಕಾಣುತ್ತಿತ್ತು. ಹಿಟ್ಟಿಗೆ ಪಕ್ಕದ ಮನೆಗೆ ಓಡಿದೆ. ಅತ್ತೆ ಬೈಯಲಿಲ್ಲ. "ಓದಿರೋವ್ರಿಗೆ ಮಾತು ತಿಳಿಯಾಕಿಲ್ಲ" ಎಂದು ನೆಂಟರ ಮುಂದೆ ನಕ್ಕರು, ಅಷ್ಟೆ.

ಶಾಸಕರಾದ ಎರಡನೆಯ ವರ್ಷ ಇವರು ಸದನದಲ್ಲಿ ಸಾಲದ ಬಗ್ಗೆ ಮಾತಾಡಬೇಕೆಂದು ತೀರ್ಮಾನಿಸಿದರು. ಆಳುವ ಪಕ್ಷದವರೇ ಎದ್ದು ನಿಂತು ನಮ್ಮ ಸರ್ಕಾರ ಅಳತೆ ಮೀರಿ ಖರ್ಚು ಮಾಡುತ್ತಿದೆ ಅನ್ನುವುದು ಅಂದರೆ ಸಣ್ಣ ವಿಷಯವಲ್ಲ. ಪಕ್ಷದ ಹಿರಿಯರೊಬ್ಬರು ಟ್ರಂಕ್ ಕಾಲ್ ಮಾಡಿ, ಮುಂದಿನ ಸಲ ಟಿಕೆಟ್ ಬೇಕೋ ಬೇಡವೋ ಎಂದು ನಯವಾಗಿಯೇ ಕೇಳಿದರು. ಇವರು ಫೋನ್ ಇಟ್ಟು ನನ್ನ ಕಡೆ ತಿರುಗಿ, "ಟಿಕೆಟ್ ಹೋದ್ರೆ ಹೋಗ್ಲಿ. ಯಾರಾದ್ರೂ ಒಬ್ರು ಒಂದು ಸಲ ಬೇಡ ಅಂತ ಹೇಳ್ಬೇಕಲ್ವಾ? ಕೊಡಿ, ಕೊಡಿ ಅಂತಾನೇ ಎಲ್ರೂ ಎದ್ದು ನಿಲ್ತಾರೆ. ನನಗೆ ಬೇಡ ಅಂತ ಒಬ್ಬ ಹೇಳಿದ್ರೆ ಅದು ಕಡತದಲ್ಲಾದ್ರೂ ಉಳೀತದೆ" ಎಂದರು. ಅವರಿಗೆ ಬೇಕಾಗಿದ್ದು ಅಷ್ಟೇ. ನಾವಿಬ್ಬರೂ ಕೂತು ಭಾಷಣ ಬರೆದೆವು. ನಾನು ಇಂಗ್ಲಿಷಿನಲ್ಲಿ ಪಾಯಿಂಟ್ಸ್ ಹಾಕಿಕೊಟ್ಟೆ, ಅವರು ಅದನ್ನು ತಮ್ಮ ಕನ್ನಡಕ್ಕೆ ಇಳಿಸಿಕೊಂಡರು.

ಸದನದಲ್ಲಿ ಮಾತಾಡುವ ಹಿಂದಿನ ಸಂಜೆ ಸೋಲೂರು ಕಡೆಯ ಒಂದು ಹಳ್ಳಿಯವರು ಟೆಂಪೋ ಮಾಡಿಕೊಂಡು ಬಂದರು. ಅವರ ಮುಂದಾಳು ಅಲ್ಲಿನ ಪಂಚಾಯ್ತಿ ಮೆಂಬರು. ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ. ಜಗಲಿ ತುಂಬ ಜನ ಕೂತರು. ನಾನು ಕಾಫಿ ತಂದೆ.

"ಅಣ್ಣಾ, ನಮ್ಮೂರ್ಗೊಂದು ಸಮುದಾಯ ಭವನ ಮಾಡ್ಸಿಕೊಡ್ಬೇಕು" ಎಂದ ಮೆಂಬರು.

"ಆಗ್ಲೇ ಒಂದೈತಲ್ಲಪ್ಪ?"

"ಐತೆ. ಅದ್ರಲ್ಲಿ ಕುರಿ ಕೂಡವ್ರೆ."

"ಕುರಿ ಈಚೆಗೆ ಓಡ್ಸಿ, ತೊಳ್ದು, ಸುಣ್ಣ ಬಳ್ಕೊಳಿ."

"ಅದೆಂಗಣ್ಣ ಆಯ್ತದೆ? ಮಳೆ ಬಂದ್ರೆ ಅವೆಲ್ಲೋಗ್ಬೇಕು? ಅವ್ಕೂ ಒಗ್ಗೋಗ್ಬುಟ್ಟೈತೆ."

ಹಿಂದಿನಿಂದ ಯಾರೋ, "ಬಾಗ್ಲು ತಗುದ್ರೆ ಸಾಕು ಅವೇ ಓಗಿ ಸ್ಟೇಜ್ ಮ್ಯಾಲೆ ನಿಂತ್ಕತವೆ, ನಿಮ್ಮಂಗೆ ಭಾಷಣ ಮಾಡಾಕೆ" ಎಂದರು. ಎಲ್ಲರೂ ನಕ್ಕರು, ಇವರೂ ನಕ್ಕರು. ಮೆಂಬರು ಮಾತ್ರ ಬಿಡಲಿಲ್ಲ. "ಪಕ್ಕದೂರ್ನೋರ ಭವನದಾಗೆ ಡೈನಿಂಗ್ ಹಾಲೂ ಐತಣ್ಣ. ಹೆಣ್ಣು ನೋಡಾಕ್ ಬಂದೋರು ಅದ್ನ ನೋಡ್ಕಂಡು ಅಲ್ಗೇ ಓಯ್ತಾವ್ರೆ. ನಮ್ಮೂರು ಹೆಣ್ಮಕ್ಳು ಏನ್ಮಾಡ್ಬೇಕು?"

ಇವರು ಲೋಟ ಕೆಳಗಿಟ್ಟರು. ನಾಳೆಯ ಮಾತನ್ನು ಇವತ್ತೇ ಶುರು ಮಾಡುತ್ತಾರೆ ಎಂದು ನನಗೆ ಗೊತ್ತಾಯಿತು.

"ನೋಡ್ರಪ್ಪ, ಸರ್ಕಾರದತ್ರ ದುಡ್ಡಿಲ್ಲ. ಸಾಲ ತಂದು ನಡುಸ್ತಾ ಐತೆ. ಹಳೇ ಸಾಲದ ಬಡ್ಡಿ ಕಟ್ಟಾಕೂ ಹೊಸ ಸಾಲ."

"ಅಷ್ಟು ದೊಡ್ಡ ಸರ್ಕಾರಕ್ಕೆ ಸಾಲ ಕೊಡೋರು ಯಾರಣ್ಣ?"

"ಬ್ಯಾಂಕ್ನೋರು ಕೊಡ್ತಾರೆ, ಹೊರದೇಶದೋರು ಕೊಡ್ತಾರೆ."

"ಅಂಗಾರೆ ನಂಬಿ ಕೊಡೋರು ಇನ್ನೂ ಅವ್ರೆ ಅಂತಾಯ್ತು. ಅವ್ರು ಕೊಡೋಗಂಟ ನಮ್ದೂ ಒಂದು ಸೇರ್ಸ್ಬುಡಿ."

"ತೀರ್ಸೋರು ಯಾರ್ಲಾ?"

"ಅದ ಮುಂದ್ಲು ಸರ್ಕಾರ ನೋಡ್ಕತದೆ. ಈಗ ನೀವು ಹಿಂದ್ಲೋರ್ದು ನೋಡ್ಕತಾ ಇಲ್ವಾ?"

ಡೆಲ್ಲಿಯ ದೊಡ್ಡ ದೊಡ್ಡ ಹಣಕಾಸು ಪಂಡಿತರ ಬಾಯಿಂದಲೂ ಆಮೇಲೆ ನಾನು ಇದೇ ಮಾತನ್ನು ಕೇಳಿದ್ದೇನೆ, ಸ್ವಲ್ಪ ಒಳ್ಳೆಯ ಇಂಗ್ಲಿಷಿನಲ್ಲಿ.

ಇವರ ದನಿ ಏರಿತು. "ಖಜಾನೆ ಖಾಲಿ ಕಣ್ರಪ್ಪ. ಖಾಲಿ. ಎಂಗೆ ಹೇಳಿದ್ರೆ ತಿಳೀತದೆ ನಿಮ್ಗೆ?"

ಅಷ್ಟು ಹೊತ್ತಿಗೆ ಒಳಗೆ ದೀಪ ಹಚ್ಚುತ್ತಿದ್ದ ಅತ್ತೆ ಹೊಸಿಲಿಗೆ ಬಂದರು. "ಮುಸ್ಸಂಜೇಲಿ ಬಾಗ್ಲಲ್ಲಿ ಕುಂತ್ಕಂಡು ಖಾಲಿ ಖಾಲಿ ಅಂತೀಯಲ್ಲೋ, ಬಾಯಿಗೇನು ಬಂದದೆ ನಿಂಗೆ? ತುಂಬೈತೆ ಅನ್ನು."

"ಅವ್ವಾ, ನಾನು ಹೇಳ್ತಿರೋದು ಸರ್ಕಾರದ್ದು..."

"ಯಾರ್ದಾರ ಆಗ್ಲಿ. ಮದ್ಲು ತುಂಬೈತೆ ಅನ್ನು."

ಅಷ್ಟು ಜನರ ಮುಂದೆ ತಾಯಿಗೆ ಎದುರಾಡುವ ಮನುಷ್ಯ ಅವರಲ್ಲ. ನೆಲ ನೋಡಿಕೊಂಡು, "ತುಂಬೈತೆ ಕಣವ್ವ" ಎಂದರು.

ಮೆಂಬರು ಎದ್ದು ನಿಂತು ಟವೆಲ್ ಕೊಡವಿದ. "ಕೇಳುದ್ರೇನ್ರಲಾ? ಅಣ್ಣನ ಬಾಯಲ್ಲೇ ಬಂತು. ತುಂಬೈತಂತೆ."

ನಗುತ್ತಲೇ ಎಲ್ಲರೂ ನಾಳೆಗೆ ವಿಧಾನಸೌಧದ ಪಾಸ್ ಕೇಳಿದರು. ಇವರು ಕೊಟ್ಟರು. ಜಗಲಿಯಲ್ಲಿ ತಲೆಗೆ ಹೋಗದ ಮಾತು ಸದನದಲ್ಲಿ ಕೇಳಿದರೆ ಹೋದೀತು ಅನ್ನುವ ಆಸೆ ಅವರಿಗೆ.

ಮಾರನೆಯ ದಿನ ನಾವೆಲ್ಲ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತೆವು. ಮೆಂಬರಿನ ಕಡೆಯವರ ಎಲೆ ಅಡಿಕೆ ಚೀಲವನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರಿಂದ ಅವರಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಕೆಳಗೆ ಅರ್ಧ ಕುರ್ಚಿಗಳು ಖಾಲಿ. ಇವರು ಹಿಂದಿನ ಸಾಲಿನಿಂದ ಎದ್ದರು. ಸಾಲ ಯಾವುದಕ್ಕೆ ತರುತ್ತಿದ್ದೇವೆ, ಕಟ್ಟುವವರು ಯಾರು, ಹುಟ್ಟದೇ ಇರುವ ಮಕ್ಕಳ ಹೆಸರಿನಲ್ಲಿ ನಾವು ಸಹಿ ಹಾಕಬಹುದೇ ಎಂದೆಲ್ಲ ಕೇಳಿದರು. ಎಲ್ಲರೂ ಸೇರಿ ಒಂದು ವರ್ಷ ಹೊಸದೇನೂ ಕೇಳದೆ ಇರೋಣ ಎಂದರು. ಹಣಕಾಸಿನ ಮಂತ್ರಿಗಳು ಯಾವುದೋ ಕಾಗದ ಓದುತ್ತಿದ್ದರು. ಬೆಲ್ ಆಯಿತು. ಇವರು ಕೂತರು.

ಮಂತ್ರಿಗಳು ಎದ್ದರು. ಒಳ್ಳೆಯ ಮಾತುಗಾರರು, ಮುಖದಲ್ಲಿ ಸಿಟ್ಟಿನ ಗುರುತೂ ಇರಲಿಲ್ಲ. "ಸನ್ಮಾನ್ಯ ಸದಸ್ಯರು ಬಹಳ ಕಳಕಳಿಯಿಂದ ಮಾತಾಡಿದ್ದಾರೆ. ತಮ್ಮ ಕ್ಷೇತ್ರಕ್ಕೆ ಅನುದಾನ ಸಾಲದು ಅನ್ನುವ ನೋವು ಅದರಲ್ಲಿದೆ. ಬೆಳಿಗ್ಗೆ ಅವರ ಕ್ಷೇತ್ರದ ಜನರೇ ಮೊಗಸಾಲೆಯಲ್ಲಿ ನನಗೆ ಒಂದು ಮನವಿ ಕೊಟ್ಟರು. ಒಂದು ಸಮುದಾಯ ಭವನ. ಅದನ್ನು ಈಗಲೇ, ಈ ಸದನದಲ್ಲೇ ಮಂಜೂರು ಮಾಡುತ್ತಿದ್ದೇನೆ."

ಮೇಜು ಕುಟ್ಟುವ ಸದ್ದು. ನಾನು ಮೆಂಬರಿನ ಕಡೆ ತಿರುಗಿದೆ. ಅವನು ನನ್ನ ನೋಡಿ, "ಬಂದಿದ್ದು ಬಂದ್ವಲ್ಲ ಅಂತ ಒಂದು ಅರ್ಜಿ ಕೊಟ್ಟೋ ಅಕ್ಕಾವ್ರೆ" ಎಂದು ಪಿಸುಗುಟ್ಟಿದ.

ಕೆಳಗೆ ಇವರು ಮತ್ತೆ ಎದ್ದು ನಿಂತಿದ್ದರು. "ಅಧ್ಯಕ್ಷರೇ" ಎಂದರು. ಬೇಡ ಅನ್ನಬೇಕಾಗಿದ್ದ ಹೊತ್ತು ಅದೇ. ಅದಕ್ಕಾಗಿಯೇ ಅಷ್ಟು ಸಂಜೆಗಳು ಓದಿದ್ದು. ಅವರು ತಲೆಯೆತ್ತಿ ಗ್ಯಾಲರಿ ನೋಡಿದರು. ಇಲ್ಲಿ ಊರಿಗೆ ಊರೇ ಎದ್ದು ಕೈಮುಗಿದು ನಿಂತಿತ್ತು. ಕಾವಲಿನವನು ಕೂರಿ, ಕೂರಿ ಎಂದು ಒಬ್ಬೊಬ್ಬರ ಭುಜ ಅದುಮುತ್ತಿದ್ದ. ಇವರು ಅಷ್ಟು ಹೊತ್ತು ನಿಂತೇ ಇದ್ದರು. ಆಮೇಲೆ, "ಮಂತ್ರಿಗಳಿಗೆ ಧನ್ಯವಾದ" ಎಂದು ಕೂತುಬಿಟ್ಟರು.

ಕಾರು ತಾವರೆಕೆರೆ ದಾಟಿತು. ಆಮೇಲೆ ಕೇಳಿದರು: "ಸಾಲದ ವಿಷಯ ನಾನು ಸರಿಯಾಗಿ ಹೇಳಿದ್ನಾ?"

"ಪರ್ಫೆಕ್ಟ್ಲಿ ಕ್ಲಿಯರ್" ಎಂದೆ.

"ಹಾಗಾದ್ರೆ ಯಾರಿಗೂ ಯಾಕೆ ಕೇಳಿಸ್ಲಿಲ್ಲ?"

ನಾನು ಕಿಟಕಿಯ ಗಾಜು ಏರಿಸಿದೆ.

ವಾರ ಕಳೆದ ಮೇಲೆ, ಮಂಜೂರಾದ ಹಣವನ್ನು ವಾಪಸು ಕೊಡುವುದಕ್ಕೆ ಆಗುತ್ತದೆಯೇ ಎಂದು ವಿಚಾರಿಸಲು ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಒಳ್ಳೆಯವರೇ. ಕುರ್ಚಿ ಹಾಕಿ ಕೂರಿಸಿ, "ಕೊಡಬಹುದು ಸರ್. ಆದರೆ ಅದು ಉಳಿಯೋಲ್ಲ, ಬೇರೆ ಕ್ಷೇತ್ರಕ್ಕೆ ಹೋಗುತ್ತೆ. ಅಲ್ಲೂ ಭವನವೇ ಕಟ್ಟುತ್ತಾರೆ. ಸಾಲ ಅಂತೂ ಆಗಲೇ ತಂದಾಗಿದೆ" ಎಂದರಂತೆ. ಮನೆಗೆ ಬಂದು ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶಂಕುಸ್ಥಾಪನೆಗೆ ಹೋಗದೆ ಇರಲು ಆಗಲಿಲ್ಲ. ರಾಮನಗರದಿಂದ ರೇಷ್ಮೆ ಗೂಡಿನ ಹಾರ ತರಿಸಿ ಕೊರಳಿಗೆ ಹಾಕಿದರು. ಮೆಂಬರು ಮೈಕ್ ಹಿಡಿದು ಊರಿಗೆಲ್ಲ ವಿವರಿಸಿದ: "ಬೇರೆ ಎಮ್ಮೆಲ್ಲೆಗೋಳು ಕೈಮುಕ್ಕಂಡು ಕೇಳ್ತಾರೆ. ನಮ್ಮಣ್ಣ ಅಂಗಲ್ಲ. ಸಾಲ ಸಾಲ ಅಂತ ಎದ್ರುಸೇ ಎದ್ರುಸುದ್ರು ನೋಡಿ, ಮಂತ್ರಿಗೆ ಬೆವ್ರು ಬಂದೋಯ್ತು. ಕೂತ ಜಾಗ್ದಲ್ಲೇ ಕೊಟ್ಬುಟ್ಟ." ಜನ ಚಪ್ಪಾಳೆ ತಟ್ಟಿದರು. ಇವರು ಅದು ಹಾಗಲ್ಲ ಎಂದು ಹೇಳಲು ಮೈಕಿನ ಹತ್ತಿರ ಹೋದರು. ಹೇಳಿದರು ಕೂಡ: "ನಾನು ಇದನ್ನ ಕೇಳಿರಲಿಲ್ಲ, ಬೇಡ ಅಂತ ಹೇಳೋಕೆ ಹೋಗಿದ್ದೆ." ಚಪ್ಪಾಳೆ ಇನ್ನೂ ಜೋರಾಯಿತು. ದೊಡ್ಡವರು ತಾವು ಮಾಡಿದ್ದನ್ನು ತಾವೇ ಹೇಳಿಕೊಳ್ಳುವುದಿಲ್ಲವಲ್ಲ, ಅದಕ್ಕೆ ಹೀಗನ್ನುತ್ತಾರೆ ಎಂದುಕೊಂಡರು. ನನ್ನ ಪಕ್ಕ ಕೂತಿದ್ದ ಹೆಂಗಸು, "ಒಸಿನಾರ ಗರ್ವ ಐತಾ ನೋಡಿ ಅಮ್ಮಾವ್ರೆ ನಿಮ್ ಯಜಮಾನ್ರಿಗೆ" ಎಂದು ನನ್ನ ಕೈ ಒತ್ತಿದಳು. ನಾನು ಥ್ಯಾಂಕ್ಸ್ ಎಂದೆ. ಇನ್ನೇನು ಅನ್ನಲಿ?

ಸುದ್ದಿ ಕನಕಪುರದ ಕಡೆಗೂ ಚನ್ನಪಟ್ಟಣದ ಕಡೆಗೂ ಹೋಯಿತು. ಅಲ್ಲಿನ ಶಾಸಕರೂ ಮುಂದಿನ ಅಧಿವೇಶನದಲ್ಲಿ ಎದ್ದು ಸಾಲದ ಬಗ್ಗೆ ಕಳವಳ ವ್ಯಕ್ತಪಡಿಸಿದರೆಂದು ಪೇಪರಿನಲ್ಲಿ ಓದಿದೆ. ಅವರಿಗೇನು ಸಿಕ್ಕಿತೋ ತಿಳಿಯದು.

ಮರುವರ್ಷ ಬಜೆಟ್ ಪುಸ್ತಕಗಳ ಕಟ್ಟು ಬಂದಾಗ ಇವರು ಅದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು. ನಾನು ಕನ್ನಡಕ ಹಾಕಿಕೊಂಡೆ. ಬಡ್ಡಿಯ ಸಾಲು ಹುಡುಕಿ ಓದಿದೆ. ಇವರು ಕೇಳಿ, ಎದ್ದು ಜಗಲಿಗೆ ಹೋದರು. ಹೊರಗೆ ಜೀಪು ನಿಂತ ಸದ್ದಾಯಿತು. ಬೇರೆ ಊರಿನವರು, ಅವರ ಜೊತೆ ದಾರಿ ತೋರಿಸಲು ಬಂದ ಅದೇ ಮೆಂಬರು. ಅವರಿಗೆ ರಸ್ತೆ ಬೇಕಿತ್ತು. ಇದ್ದ ರಸ್ತೆ ಚೆನ್ನಾಗಿಯೇ ಇತ್ತು, ಅಗಲ ಸಾಲದಾಗಿತ್ತು.

"ಅಣ್ಣಾ, ಜಾಸ್ತಿ ಏನೂ ಬ್ಯಾಡ" ಎಂದ ಮೆಂಬರು. "ಹೋದ್ ವರ್ಸದ ಆ ಸಾಲದ್ ಭಾಷಣಾನೇ ಈ ಸಲಾನೂ ಒಂದು ಒಡದ್ಬುಡಿ. ಮಿಕ್ಕಿದ್ದ ಅವ್ರೇ ನೋಡ್ಕತಾರೆ."

ನಾನು ಬಾಗಿಲಲ್ಲಿ ನಿಂತು, ಎಷ್ಟು ಜನಕ್ಕೆ ಕಾಫಿ ಎಂದು ಕೇಳಿದೆ.

"ಎಲ್ರಿಗೂ ಮಾಡು" ಎಂದರು.