ಮಗಳ ಪಾಲಿನ ವೋಟು

ಫ್ರೆಂಡ್ಸ್, ಇವತ್ತು ನ್ಯೂಜೆರ್ಸಿಯ ಎಡಿಸನ್ ಊರಿನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೆ ಕೂತು ನಾನೂ ನನ್ನ ಗಂಡನೂ ಕಂಟ್ರಿ ಮ್ಯೂಸಿಕ್, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳ ವಿಷಯಕ್ಕೆ ಜಗಳವಾಡಿದೆವು. ನಗಬೇಡಿ.

ಪ್ರತಿ ವರ್ಷ ಕಂಟ್ರಿ ಮ್ಯೂಸಿಕ್ ಪ್ರಶಸ್ತಿಗೆ ನಾಮಿನೇಟ್ ಆದ ಆಲ್ಬಂಗಳನ್ನೆಲ್ಲ ಕಾರಿನಲ್ಲಿ ಕೇಳಿ ಮೂವರೂ ವೋಟು ಹಾಕಬೇಕೆಂಬುದು ಮಗಳು ಹೈಸ್ಕೂಲಿನಲ್ಲಿದ್ದಾಗ ಮಾಡಿದ ರೂಲು. ಆಗ ನಮಗದು ಶಿಕ್ಷೆಯಾಗಿತ್ತು. ಈಗ ಅವಳು ಸಿಯಾಟಲ್‌ನಲ್ಲಿದ್ದಾಳೆ. ಆದರೂ ಈ ಸಲ ನಾವಿಬ್ಬರೇ ಎಲ್ಲವನ್ನೂ ಕೇಳಿದೆವು. ನಮ್ಮ ವೋಟು ಬೇಗ ಮುಗಿಯಿತು. ಜಗಳ ಹತ್ತಿದ್ದು ಅವಳ ಪರವಾಗಿ ಹಾಕಬೇಕಾದ ವೋಟಿಗೆ.

"ಪುಟ್ಟಿಗೆ ಆ ಮುದುಕ ಹಾಡುಗಾರನ ಗಿಟಾರ್ ಆಲ್ಬಮ್ಮೇ ಇಷ್ಟ ಆಗೋದು," ಎಂದರು ಇವರು.

"ನಿಮಗೇನ್ರೀ ಗೊತ್ತು? ಪಿಟೀಲು ಬಂದ ಕಡೆಯೆಲ್ಲ ವಾಲ್ಯೂಮ್ ಜಾಸ್ತಿ ಮಾಡ್ತಿದ್ಳು. ಆ ಪಿಟೀಲಿನ ಆಲ್ಬಮ್ಮೇ ಅವಳದ್ದು."

"ದಿನಾ ಸ್ಕೂಲಿಗೆ ಡ್ರಾಪ್ ಮಾಡ್ತಿದ್ದೋನು ನಾನು ಕಣೇ!"

ನಮ್ಮ ಜಾಗಕ್ಕೆ ಕಾಯುತ್ತಿದ್ದ ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾವು ಜಗ್ಗಲಿಲ್ಲ. ಕೊನೆಗೆ ಅವಳಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಅಮ್ಮಾ, ಸೀರಿಯಸ್ಲಿ? ಐ ಡೋಂಟ್ ಈವನ್ ಲಿಸನ್ ಟು ಕಂಟ್ರಿ ಎನಿಮೋರ್. ಫ್ರೆಂಡ್ಸ್ ಕಾಯ್ತಿದಾರೆ, ಬೈ!"

ಇವರು ಆ ಪಿಟೀಲಿನ ಆಲ್ಬಂ ಹಾಕಿ, ವಾಲ್ಯೂಮ್ ಜಾಸ್ತಿ ಮಾಡಿದರು.

ನ್ಯೂಜೆರ್ಸಿಯಲ್ಲಿ ಹುಟ್ಟಿದವಳು ಕಂಟ್ರಿ ಕೇಳುವುದನ್ನು ಬಿಟ್ಟಳು. ಮೈಸೂರಿನಿಂದ ಬಂದ ನಮ್ಮಿಬ್ಬರಿಗೆ ಅದು ಅಂಟಿಕೊಂಡಿದೆ.

ಹಿಂದಿನವನು ಮತ್ತೆ ಹಾರ್ನ್ ಹೊಡೆದ. ಹೊಡೆಯಲಿ. ಕನ್ನಡಿಯಲ್ಲಿ ನೋಡಿದೆ, ಅವನ ಹಿಂದಿನ ಸೀಟಿನಲ್ಲಿ ಇನ್ನೂ ಮಕ್ಕಳಿದ್ದರು. ನಮ್ಮದು ಖಾಲಿ.